ದೇವಕ್ಕ ಮುಚ್ಚಿದ ಹನ್ನೆರಡು ಕುಳಿ

ದೇವಕ್ಕನಿಗೆ ತೂತು ಕಂಡರೆ ಆಗುತ್ತಿರಲಿಲ್ಲ. ಕೆಲವರಿಗೆ ಹಲ್ಲಿ ಕಂಡರೆ ಆಗುವುದಿಲ್ಲ, ಕೆಲವರಿಗೆ ಹಾಗಲಕಾಯಿ ಕಂಡರೆ ಆಗುವುದಿಲ್ಲ, ಹಾಗೆ ಅವಳಿಗೆ ತೂತು. ಲಗ್ಗೆರೆಯ ವಠಾರಕ್ಕೆ ಬಾಡಿಗೆಗೆ ಬಂದ ಮೊದಲ ವಾರದಲ್ಲೇ, ಹಿಂದಿದ್ದವರು ಕೋಣೆಯ ಗೋಡೆಗೆ ಮೊಳೆ ಹೊಡೆದು ಬಿಟ್ಟುಹೋಗಿದ್ದ ತೂತುಗಳನ್ನೆಲ್ಲ ಸುಣ್ಣಕ್ಕೆ ಸೋಪಿನ ಚೂರು ಕಲಸಿ ಮುಚ್ಚಿಬಿಟ್ಟಳು. ಆಮೇಲೆ ಅವಳ ಗಂಡ ಭೀಮಪ್ಪ ಹೊಸ ಕ್ಯಾಲೆಂಡರ್ ಹಿಡಿದುಕೊಂಡು ಗೋಡೆಯಿಂದ ಗೋಡೆಗೆ ತಿರುಗಿ, ತೂಗುಹಾಕಲು ಒಂದು ಮೊಳೆಯ ಜಾಗವೂ ಸಿಗದೆ, ಕೊನೆಗೆ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡ. ಅಂದಿನಿಂದ ಅವರ ಮನೆಯಲ್ಲಿ ಅಮಾವಾಸ್ಯೆ ಯಾವತ್ತು ಎಂದು ನೋಡಬೇಕಾದರೆ ಭೀಮಪ್ಪನನ್ನು ಎಬ್ಬಿಸಬೇಕಿತ್ತು. ಅವನು ಒಂದು ಸ್ಕ್ರೂ ಫ್ಯಾಕ್ಟರಿಯ ವಾಚ್‌ಮನ್. ಹಗಲೆಲ್ಲ ಮಲಗುವವನು.

ಬಸ್ಸಿನಲ್ಲಿ ಕೂತರೂ ಅಷ್ಟೇ. ಕಿಟಕಿಯ ಸಂದಿಯಿಂದ ಗಾಳಿ ಬಂದರೆ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಅಲ್ಲಿಗೆ ತುರುಕುತ್ತಿದ್ದಳು. ಚೆಕಿಂಗಿನವರು ಹತ್ತಿದರೆ, "ತಡೀರಿ ಸಾಹೇಬ್ರ, ತೆಗೀತೀನಿ" ಎಂದು ತಲೆಯ ಪಿನ್ನಿನಿಂದ ಕೆದಕಲು ಕೂರುತ್ತಿದ್ದಳು.

ಇಂಥವಳಿಗೆ ದೇವರು ಇಂಥದ್ದೇ ಕೆಲಸ ಕೊಟ್ಟಿದ್ದ. ಸುರಪುರದ ಕಡೆಯ ಹಳ್ಳಿಯಲ್ಲಿ ತಾಯಿಯ ಜೊತೆ ಮಣ್ಣಿನ ಗೋಡೆಯ ಬಿರುಕಿಗೆ ಸಗಣಿ ಮೆತ್ತಿ ಪಳಗಿದ್ದ ಕೈ, ಪೀಣ್ಯದಲ್ಲಿ ಭರಮಪ್ಪನ ಕಲ್ಲಿನ ಶೆಡ್ಡು ಸೇರಿತ್ತು. ಮನೆಗಳ ನೆಲಕ್ಕೆ, ಗೋಡೆಗೆ ಹಾಕುವ ದೊಡ್ಡ ದೊಡ್ಡ ಕಲ್ಲಿನ ಹಲಗೆಗಳು ಅಲ್ಲಿಗೆ ಬರುತ್ತಿದ್ದವು. ದೇವರು ಮಾಡಿದ ಕಲ್ಲಿನಲ್ಲೂ ಕುಳಿ, ಬಿರುಕು ಇದ್ದೇ ಇರುತ್ತದೆ. ದೇವಕ್ಕ ಕಬ್ಬಿಣದ ಸಣ್ಣ ಕಡ್ಡಿಯಿಂದ ಕುಳಿಯನ್ನು ಕೆದರಿ ಸಡಿಲವಾದದ್ದನ್ನೆಲ್ಲ ತೆಗೆದು, ಆ ಕಲ್ಲಿನದೇ ಪುಡಿಯನ್ನು ಅಂಟಿನ ಪೇಸ್ಟಿಗೆ ಕಲಸಿ, ಬಣ್ಣ ಹೊಂದಿಸಿ ತುಂಬುತ್ತಿದ್ದಳು. ಒಣಗಿದ ಮೇಲೆ ನೀರು ಬಿಟ್ಟು ಮೆಷಿನ್ನಿನಲ್ಲಿ ಉಜ್ಜಿದರೆ ಮುಗಿಯಿತು, ಕುಳಿ ಎಲ್ಲಿತ್ತು ಎಂದು ಆ ಕಲ್ಲಿಗೇ ನೆನಪಿರುತ್ತಿರಲಿಲ್ಲ. ದೇವಕ್ಕನಿಗೆ ಮಾತ್ರ ನೆನಪಿರುತ್ತಿತ್ತು. ಹತ್ತು ವರ್ಷದ ಹಿಂದೆ ಮುಚ್ಚಿದ ತೂತನ್ನೂ ಅವಳು ಬೆರಳಿಟ್ಟು ತೋರಿಸಬಲ್ಲಳು. ಗಿರಾಕಿಗಳು ಬಂದಾಗ ಭರಮಪ್ಪ, "ಎಲ್ಲಿ ತುಂಬೀವಿ ಹುಡುಕ್ರಿ ನೋಡೂಣು" ಎಂದು ಪಂಥ ಕಟ್ಟುತ್ತಿದ್ದ. ಒಬ್ಬರೂ ಗೆದ್ದಿರಲಿಲ್ಲ.

ತುಮಕೂರು ರಸ್ತೆಯ ಮೇಲೆ ಮೆಟ್ರೊ ಕಂಬಗಳು ಎದ್ದು ನಿಂತು, ರೈಲು ಮಾತ್ರ ಇನ್ನೂ ಬಂದಿರದ ವರ್ಷ ಅದು. ಶೆಡ್ಡಿಗೆ ಒಂದು ಬೂದು ಕಲ್ಲು ಬಂತು. ಆಳೆತ್ತರದ ಒಂದೇ ಹಲಗೆ. ವೈಟ್‌ಫೀಲ್ಡಿನ ಕಡೆಯ ದೀಪಶ್ರೀ ಮೇಡಂ ಅವರ ಹೊಸ ಮನೆಯ ಹಾಲಿನ ಗೋಡೆಗಂತೆ.

"ದೇವಕ್ಕಾ, ಇದು ಸ್ಪೆಷಲ್ ಕಲ್ಲು" ಎಂದ ಭರಮಪ್ಪ. "ಹಡಗಿನ್ಯಾಗ ಬಂದೈತಿ. ಸಂದಿ ಗಿಂದಿ ಇದ್ರ ತುಂಬಿ ಪಾಲಿಶ್ ಹೊಡಿ. ಬ್ಯಾರೆ ಯಾರೂ ಕೈ ಹಚ್ಚೂದು ಬ್ಯಾಡ, ನೀನ ಮಾಡು." ಇಷ್ಟು ಹೇಳಿ, ಮಗಳ ನಿಶ್ಚಿತಾರ್ಥಕ್ಕೆಂದು ಊರಿನ ಬಸ್ಸು ಹತ್ತಿದ.

ದೇವಕ್ಕ ಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಅವಳಿಗೆ ಅಯ್ಯೋ ಅನ್ನಿಸಿತು. ಇಷ್ಟು ಕೆಟ್ಟ ಕಲ್ಲನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ತಟ್ಟೆಯಷ್ಟು, ಬಟ್ಟಲಿನಷ್ಟು ಅಗಲದ ಹನ್ನೆರಡು ಕುಳಿ. ಒಂದೊಂದರೊಳಗೂ ಸುರುಳಿ ಸುತ್ತಿಕೊಂಡ ಎಂಥದೋ ಗಂಟು, ಒಣಗಿದ ಬಸವನಹುಳುವಿನ ಹಾಗೆ. ಪಾಪ, ಹಡಗಿನವರು ಯಾರೋ ಬಡಪಾಯಿಗಳಿಗೆ ಟೋಪಿ ಹಾಕಿದ್ದಾರೆ ಎಂದುಕೊಂಡಳು. ಸ್ಪೆಷಲ್ ಎಂದು ಭರಮಪ್ಪ ಹೇಳಿದ್ದರ ಅರ್ಥ ಆಗ ಅವಳಿಗೆ ಆಯಿತು. ಇಂಥ ಕಲ್ಲಿಗೆ ಮರ್ಯಾದೆ ತರುವ ಕೈ ಪೀಣ್ಯದಲ್ಲಿ ಇನ್ನೊಂದು ಇಲ್ಲ ಎಂದಲ್ಲವೇ ಅವನು ಹೇಳಿದ್ದು!

ಐದು ದಿನ ತಲೆ ಎತ್ತಲಿಲ್ಲ. ಬೂದು ಪುಡಿಗೆ ಒಂದು ಚಿಟಿಕೆ ಕಪ್ಪು, ಅದಕ್ಕೆ ಅರ್ಧ ಚಿಟಿಕೆ ಕಾವಿ, ಹೀಗೆ ಬಣ್ಣ ಕಟ್ಟಿ ಹನ್ನೆರಡನ್ನೂ ತುಂಬಿದಳು. ಹನ್ನೊಂದು ಗಂಟುಗಳು ಅಲ್ಲಾಡದೆ ಕೂತಿದ್ದವು, ಅವುಗಳ ಮೇಲೆಯೇ ಪೇಸ್ಟ್ ಎಳೆದಳು. ಎಲ್ಲಕ್ಕಿಂತ ಕೆಳಗಿನದು, ಅಂಗೈಯಷ್ಟು ಅಗಲದ್ದು, ಕಡ್ಡಿ ತಾಗಿಸಿದರೆ ಲಟಲಟ ಎಂದಿತು. ಸಡಿಲವಾದದ್ದು ಒಳಗಿರಬಾರದು, ಅದು ಕೆಲಸದ ನೇಮ. ಕಿತ್ತು ತೆಗೆದಳು. ಎಸೆಯಲು ಕೈ ಎತ್ತಿದವಳು ಹೆಬ್ಬೆರಳಿನಿಂದ ಸವರಿ ನೋಡಿದಳು. ಸುತ್ತಲೂ ಏಣು ಏಣಾಗಿ, ಒರಟಾಗಿ, ಕೈಗೆ ಹಿಡಿಸುವ ಹಾಗಿತ್ತು. ದಿನವಿಡೀ ಕಲ್ಲಿನ ಕೆಸರು ನೀರಿನಲ್ಲಿ ನಿಂತು ಅವಳ ಹಿಮ್ಮಡಿಗಳು ಒಡೆದ ಮಡಕೆಯ ಹಾಗಿದ್ದವು. ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿ ವಠಾರದ ಬಚ್ಚಲ ಕಿಟಕಿಯಲ್ಲಿ, ಸೋಪಿನ ಪಕ್ಕ ಇಟ್ಟಳು.

ಭರಮಪ್ಪ ಊರಿನಿಂದ ಬರುವ ಹೊತ್ತಿಗೆ ಕಲ್ಲು ರಟ್ಟು, ಸ್ಪಂಜು ಸುತ್ತಿಕೊಂಡು ಲಾರಿ ಹತ್ತಿ, ಗೋಡೆಗೆ ಕೂತೂ ಆಗಿತ್ತು.

ಮುಂದಿನ ಗುರುವಾರ ಮೇಡಂ ಕರೆಸಿದ್ದಾರೆ ಎಂದು ಭರಮಪ್ಪ ಹೊರಟ. "ಶಾಬಾಸ್ ಅನ್ನಾಕ ಕರ್ದಿರಬೇಕು, ನೀನೂ ಬಾ" ಎಂದು ದೇವಕ್ಕನನ್ನೂ ಕರೆದುಕೊಂಡ. ದೇವಕ್ಕ ಹಬ್ಬದ ಸೀರೆ ಉಟ್ಟು ಹೋದಳು.

ಮನೆ ಅಂದರೆ ಮನೆ. ಒಂದು ಕಾಲಕ್ಕೆ ವೆಂಕಟೇಶಪ್ಪನವರ ರಾಗಿ ಹೊಲವಾಗಿದ್ದ ಜಾಗ. ಹೊಲವೆಲ್ಲ ಲೇಔಟ್ ಆಗಿ, ಉಳಿದ ಮೂಲೆಯಲ್ಲಿ ಅವರ ಮಗ ವಸಂತ್, ಸೊಸೆ ದೀಪಶ್ರೀ ಸೇರಿ ಎರಡು ಅಂತಸ್ತು ಎಬ್ಬಿಸಿದ್ದರು. ಗೃಹಪ್ರವೇಶಕ್ಕೆ ಎಂಟೇ ದಿನ ಉಳಿದಿತ್ತು. ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದ ದೀಪಶ್ರೀ ಅವತ್ತು ಬೆಳಿಗ್ಗೆ ತಾನೇ ಬಂದಿದ್ದಳು. ಗೋಡೆಯ ಮುಂದೆ ನಿಂತಿದ್ದಳು. ಕಲ್ಲು ಬೂದು ಬಣ್ಣದ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಅದರಲ್ಲಿ ಅವಳ ಮುಖವೇ ಅವಳಿಗೆ ಕಾಣುತ್ತಿತ್ತು. ಅದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಎಲ್ಲಿ?" ಎಂದಳು.

"ಏನ್ ಎಲ್ಲಿರಿ ಮೇಡಂ?" ಎಂದ ಭರಮಪ್ಪ.

"ನನ್ನ ಹನ್ನೆರಡೂ ಎಲ್ಲಿ?"

ದೇವಕ್ಕನ ಎದೆ ಉಬ್ಬಿತು. ಮುಂದೆ ಬಂದು ಕೈಕಟ್ಟಿ ನಿಂತಳು. "ಸಿಗೂದಿಲ್ರಿ ಮೇಡಂ. ಹುಡುಕ್ರಿ ನೀವು. ಸಂಜಿತನ ಹುಡುಕಿದ್ರೂ ಸಿಗೂದಿಲ್ಲ."

ದೀಪಶ್ರೀ ನೆಲದ ಮೇಲೆ ಹಾಗೇ ಕೂತುಬಿಟ್ಟಳು. ಆಮೇಲೆ ಅವಳು ಅಳುತ್ತಾ, ಬೈಯುತ್ತಾ, ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ತಲೆ ಚಚ್ಚಿಕೊಳ್ಳುತ್ತಾ ಹೇಳಿದ್ದಿಷ್ಟು. ಅವು ತೂತಲ್ಲ. ಗಂಟೂ ಅಲ್ಲ. ಪಳೆಯುಳಿಕೆ. ಹತ್ತು ಕೋಟಿ ವರ್ಷದ ಹಿಂದೆ ಸಮುದ್ರದಲ್ಲಿ ಈಜಾಡಿಕೊಂಡಿದ್ದ ಜೀವಗಳು ಸತ್ತು, ಮಣ್ಣಿನಡಿ ಹೂತು, ಕಲ್ಲಾಗಿ ಹೋದದ್ದು. ಅವು ಕಾಣಲಿ ಎಂದೇ ಸುತ್ತಲೂ ಕುಳಿ ಕೊರೆದಿರುವುದು. ಅದನ್ನು ಗೋಡೆಯ ಅಲಂಕಾರಕ್ಕೆಂದೇ ಅವಳು ಮೂರು ತಿಂಗಳು ಕಾದು ತರಿಸಿದ್ದು.

"ಹತ್ತು ಕೋಟಿ ವರ್ಷ ಯಾರೂ ಮುಟ್ಟಿರಲಿಲ್ಲ ಕಣ್ರೀ! ನಿಮ್ಮ ಶೆಡ್ಡಲ್ಲಿ ಐದೇ ದಿನಕ್ಕೆ ಮುಗಿಸಿಬಿಟ್ರಲ್ಲ!"

ಒಳಗಿನಿಂದ ಬಂದ ಅವಳ ಅತ್ತೆ ಭಾಗ್ಯಮ್ಮ ಮಾತ್ರ ಕಲ್ಲಿಗೆ ದೃಷ್ಟಿ ತೆಗೆಯುವಂತೆ ಕೈಯಾಡಿಸಿದರು. "ಯಾಕವ್ವಾ ಅಂಗೆ ಅಳ್ತೀಯ? ಎಷ್ಟು ಚೆಂದಾಗೈತೆ! ಹುಳ ಗಿಳ ಒಂದೂ ಇಲ್ಲ, ಕನ್ನಡಿ ಇದ್ದಂಗೈತೆ. ತಲೆ ಬಾಚ್ಕಬೌದು."

ಭರಮಪ್ಪನ ಮುಖ ಕಲ್ಲಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ಬಂದು ದೇವಕ್ಕನಿಗೆ ಮೆಲ್ಲನೆ ಹೇಳಿದ. ಮೆಲ್ಲನೆ ಹೇಳಿದ್ದರಿಂದಲೇ ಅದು ಗಟ್ಟಿಯಾಗಿ ತಾಗಿತು. "ನೋಡು ದೇವಕ್ಕ, ಮುಂದಿನ ಶುಕ್ರವಾರ ಗೃಹಪ್ರವೇಶ. ಅಷ್ಟ್ರಾಗ ಹನ್ನೆರಡೂ ಮ್ಯಾಲ ಬರಬೇಕು. ಬರ್ಲಿಲ್ಲಂದ್ರ ನೀ ಶೆಡ್ಡಿಗಿ ಬರೂದು ಬ್ಯಾಡ. ಪೀಣ್ಯದಾಗ ಇನ್ಯಾರೂ ನಿನ್ನ ಕೈಯಾಗ ಕಲ್ಲು ಕೊಡೂದೂ ಇಲ್ಲ."

ದೇವಕ್ಕನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಳಗೆ ಹೋಗಿ, ಸೀಮೆಸುಣ್ಣ ಕೇಳಿ ತೆಗೆದುಕೊಂಡು, ಆ ನುಣ್ಣನೆಯ ಕಲ್ಲಿನ ಮೇಲೆ ಒಂದೇ ಉಸಿರಿನಲ್ಲಿ ಹನ್ನೆರಡು ವೃತ್ತ ಎಳೆದಳು. ದೀಪಶ್ರೀ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ಫೋಟೋ ತೆರೆದು ಹೋಲಿಸಿದಳು. ಒಂದು ಕೂದಲೆಳೆ ಆಚೀಚೆ ಇರಲಿಲ್ಲ. ಅವಳ ಅಳು ನಿಂತಿತು.

ಆದರೆ ಫೋಟೋ ನೋಡಿ ದೇವಕ್ಕನಿಗೆ ಅಳು ಬರುವ ಹಾಗಾಯಿತು. ಎಲ್ಲಕ್ಕಿಂತ ಕೆಳಗಿನ ಆ ಸುರುಳಿ, ಆ ಏಣು. ಅದನ್ನು ಎಲ್ಲೋ ನೋಡಿದ್ದೇನೆ ಎಂದು ಅವಳು ಯೋಚಿಸಬೇಕಾದ್ದೇ ಇರಲಿಲ್ಲ. ಅವತ್ತು ಬೆಳಿಗ್ಗೆ ತಾನೇ ನೋಡಿದ್ದಳು. ಅವಳ ಎಡಗಾಲಿನ ಕೆಳಗೆ.

ಎರಡು ಬಸ್ಸು ಬದಲಿಸಿ ಲಗ್ಗೆರೆಗೆ ಬಂದವಳೇ ಬಚ್ಚಲಿಗೆ ಓಡಿದಳು. ಕಿಟಕಿಯಲ್ಲಿ ಸೋಪು ಮಾತ್ರ ಇತ್ತು. ಪಕ್ಕದ ಕೋಣೆಯ ಮುನಿಯಕ್ಕ ಬಾಗಿಲಲ್ಲಿ ಕಾಲು ಚಾಚಿಕೊಂಡು ಊದುಬತ್ತಿ ಹೊಸೆಯುತ್ತಿದ್ದಳು.

"ಆ ಕಲ್ಲಾ? ನಾನೇ ಎತ್ತಿಟ್ಟಿದೀನಿ. ವಠಾರದಲ್ಲಿ ನಾಲ್ಕು ಮನೆ ಕಾಲು ಅದ್ರ ಮೇಲೇನೇ, ಯಾರಾದ್ರೂ ಹೊಡ್ಕೊಂಡು ಹೋದ್ರೆ?"

"ಅದು ಕಲ್ಲಲ್ಲ ಮುನಿಯಕ್ಕ, ಪ್ರಾಣಿ. ಹತ್ತು ಕೋಟಿ ವರ್ಷದ್ದಂತ. ಕೊಡವ್ವಾ."

"ಅದಕ್ಕೇ ನೋಡು ಅಷ್ಟು ಗಟ್ಟಿ ಇದೆ!" ಮುನಿಯಕ್ಕ ಪಾದ ಎತ್ತಿ ಅವಳ ಮೂಗಿನ ಹತ್ತಿರವೇ ತಂದಳು. "ಹೆಂಗಿತ್ತು ಹೇಳು ಇದು? ಬತ್ತಿದ ಕೆರೆ ಇದ್ದಂಗಿರಲಿಲ್ವಾ? ಈಗ ನೋಡು, ಮದುಮಗಳ ಕಾಲು. ಬಲಗಾಲು ಇನ್ನೂ ಅರ್ಧ ಇದೆ. ಕೊಡಲ್ಲ ಕಣಕ್ಕ, ಬೇಜಾರ್ ಮಾಡ್ಕೋಬೇಡ."

ಗಲಾಟೆಗೆ ಎಚ್ಚರವಾದ ಭೀಮಪ್ಪ ಕಣ್ಣು ತಿಕ್ಕುತ್ತಾ ಹೊರಗೆ ಬಂದ. "ಯಾವ ಕಲ್ಲು? ನಾ ಈಳಿಗಿ ಮಸೆಯೂ ಕಲ್ಲೇನು?"

"ನೀ ಈಳಿಗಿನೂ ಮಸ್ದೀಯಾ ಅದರ ಮ್ಯಾಲ?" ಎಂದು ದೇವಕ್ಕ ಹೊಸಿಲ ಮೇಲೆ ಕೂತಳು.

ಮರುದಿನದಿಂದ ಅವಳು ವೈಟ್‌ಫೀಲ್ಡಿಗೆ ಹೋಗಿ ಮುಚ್ಚಿದ್ದನ್ನು ತೆರೆಯಲು ಕೂತಳು. ಪುಣ್ಯಕ್ಕೆ ಹುಳಗಳು ಕುಳಿಯ ತಗ್ಗಿನಲ್ಲಿ ಇದ್ದುದರಿಂದ ಪಾಲಿಶ್ ಮೆಷಿನ್ ತಾಗಿರಲಿಲ್ಲ. ಉಳಿಯಿಂದ ಹೊಡೆದರೆ ಪೇಸ್ಟಿನ ಜೊತೆ ಹುಳವೂ ಪುಡಿಯಾಗುತ್ತದೆ. ಬಿಸಿ ತಾಗಿದರೆ ಮಾತ್ರ ಆ ಪೇಸ್ಟ್ ಮೆತ್ತಗಾಗುತ್ತದೆ. ಬಾಣಂತಿಯ ಸೊಂಟಕ್ಕೆ, ಮುದುಕರ ಮಂಡಿಗೆ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಡುವುದಿಲ್ಲವೇ, ಹಾಗೆ ಕಲ್ಲಿಗೂ ಕೊಟ್ಟರಾಯಿತು ಎಂದು ಅವಳ ಲೆಕ್ಕ. ಅಡುಗೆಮನೆಗೆ ಹೋಗಿ ಹೊಸ ಒಲೆಯ ತಿರುಗಣೆಗೆ ಕೈ ಹಾಕಿದಳು.

"ಏಯ್ ಏಯ್ ಏಯ್!" ಭಾಗ್ಯಮ್ಮ ಓಡಿ ಬಂದರು. "ಆಲು ಉಕ್ಸೋಕ್ಮುಂಚೆ ಒಲೆ ಅಚ್ತಾರಾ? ಇನ್ನೂ ಗಣಪತಿ ಪೂಜೆ ಆಗಿಲ್ಲ, ನಿನ್ನ ಹುಳಕ್ಕೆ ಮೊದ್ಲು ಬೇಯ್ಸಿ ಆಕ್ತೀಯಾ?"

ಹಾಗಾಗಿ ಮನೆಯ ಹೊರಗೆ, ಕಾರು ನಿಲ್ಲಿಸುವ ಜಾಗದಲ್ಲಿ ಮೂರು ಇಟ್ಟಿಗೆ ಇಟ್ಟು ಒಲೆಯಾಯಿತು. ಸೌದೆ ತಂದುಕೊಟ್ಟವರೂ ಭಾಗ್ಯಮ್ಮನವರೇ, ಉಪ್ಪು ಕೊಟ್ಟವರೂ ಅವರೇ. ಅಷ್ಟಿದ್ದೂ ಅವರು ಹುಳಗಳ ಶತ್ರು. ದೇವಕ್ಕ ಉಪ್ಪಿನ ಗಂಟು ಬಿಸಿ ಮಾಡಿ ಒಳಗೆ ಓಡುವಳು. ಕಲ್ಲಿಗೆ ಒತ್ತಿ, ಸೂಜಿಯಿಂದ ಪೇಸ್ಟನ್ನು ಹುಣ್ಣಿನ ಹಕ್ಕಳೆಯಂತೆ ಬಿಡಿಸುವಳು. ಮತ್ತೆ ಗಂಟು ಬಿಸಿ ಮಾಡಲು ಹೊರಗೆ ಬರುವಳು. ಬಂದಾಗಲೆಲ್ಲ ಭಾಗ್ಯಮ್ಮ ಚೌಕಾಸಿ ಮಾಡುವರು.

"ಒಂದು ಆರನ್ನಾದ್ರೂ ಮುಚ್ಚಿದಂಗೇ ಬಿಟ್ಬಿಡವ್ವಾ."

"ಆಗೂದಿಲ್ರಿ ಅವ್ವಾರ, ನನ್ನ ಕೆಲಸ ಹೋಗ್ತದ."

"ಮೂರು? ದೊಡ್ಡವು ಮೂರು? ನೋಡುದ್ರೆ ಮೈ ಜುಂ ಅಂತದೆ ಕಣೆ. ಸತ್ತಿರೋವನ್ನ ಮನೆಯೊಳ್ಗೆ ಇಟ್ಕಂಡು ಆಲು ಉಕ್ಸೋದಾ? ಸೂತಕ ಅಲ್ವಾ?"

ಈ ಸೂತಕದ ಮಾತು ಅವರ ತಲೆಗೆ ಹೊಕ್ಕಿದ್ದೇ ತಡ, ಪೂಜೆಗೆ ಗೊತ್ತು ಮಾಡಿದ್ದ ಅಯ್ನೋರಿಗೆ ಫೋನು ಹಚ್ಚಿದರು. ಫೋನಿನ ಸದ್ದು ದೊಡ್ಡದಾಗಿದ್ದರಿಂದ ಆ ಕಡೆಯ ಮಾತೂ ದೇವಕ್ಕನಿಗೆ ಕೇಳುತ್ತಿತ್ತು.

"ಸೋಮಿ, ಮನೇಲಿ ಅನ್ನೆರಡು ಸಾವು ಐತೆ."

"ಅಯ್ಯೋ ರಾಮ! ಯಾವಾಗಮ್ಮಾ?"

"ಅತ್ತು ಕೋಟಿ ವರ್ಷದ ಇಂದೆ."

ಆ ಕಡೆ ಪಂಚಾಂಗದ ಹಾಳೆ ತಿರುವಿದ ಸದ್ದಾಯಿತು. "ಹತ್ತಿರದ ಸಂಬಂಧವಾ?"

"ಇಲ್ಲ ಸೋಮಿ, ಬಸವನುಳ."

"ಹಾಗಾದರೆ ಒಂದು ಸ್ನಾನ ಮಾಡಿದರೆ ಸಾಕು."

"ಯಾರು, ನಾವಾ? ಹುಳಾನಾ?"

"ಇಬ್ಬರೂ ಮಾಡಿಬಿಡಿ ತಾಯಿ" ಎಂದು ಅಯ್ನೋರು ಫೋನಿಟ್ಟರು.

ಭಾಗ್ಯಮ್ಮನಿಗೆ ಅರ್ಧ ಸಮಾಧಾನವಾಯಿತು. "ಎಲ್ಲಾನೂ ತೆಗೆದ ಮೇಲೆ ಒಂದೊಂದ್ಕೂ ತಲೆ ಮೇಲೆ ನೀರು ಆಕ್ಬಿಡು. ಅನ್ನೆರಡ್ಕೂ."

"ಹನ್ನೊಂದಕ್ಕ ಹಾಕ್ತೀನ್ರಿ" ಎಂದಳು ದೇವಕ್ಕ, ಬೆಂಕಿ ನೋಡುತ್ತಾ. "ಹನ್ನೆರಡನೇದ್ದು ದಿನಾ ಸ್ನಾನ ಮಾಡಾಕತ್ತದ."

ಬಾಯಿ ತಪ್ಪಿ ಬಂದುಬಿಟ್ಟಿತ್ತು. ಭಾಗ್ಯಮ್ಮ ಅವಳ ಮುಖ ನೋಡಿದರು. ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ದೇವಕ್ಕ ಹೇಳಿಯೇಬಿಟ್ಟಳು. ಬಚ್ಚಲು, ಹಿಮ್ಮಡಿ, ಮುನಿಯಕ್ಕನ ಮದುಮಗಳ ಕಾಲು, ಭೀಮಪ್ಪನ ಈಳಿಗೆ, ಒಂದನ್ನೂ ಬಿಡಲಿಲ್ಲ. ಇನ್ನು ಸೊಸೆಯನ್ನು ಕೂಗುತ್ತಾರೆ ಎಂದು ಕಾದಳು. ಭಾಗ್ಯಮ್ಮ ಕೂಗಲಿಲ್ಲ. ನಕ್ಕರು. ಕೆಮ್ಮು ಬರುವಷ್ಟು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಸೀರೆಯ ಅಂಚನ್ನು ಒಂದಿಷ್ಟು ಎತ್ತಿದರು. ಮೂವತ್ತು ವರ್ಷ ರಾಗಿ ಹೊಲ ತುಳಿದ ಕಾಲು. ಬಿರುಕಿನಲ್ಲಿ ಕಾಸು ನಿಲ್ಲಿಸಬಹುದಿತ್ತು.

"ಅಳೇ ಮನೆ ಬಚ್ಚಲಲ್ಲಿ ಒಂದು ಕಲ್ಲಿತ್ತು ಕಣವ್ವ. ನಮ್ಮತ್ತೆ ಕಾಲದ್ದು. ಮನೆ ಕೆಡವ್ದಾಗ ಇವ್ರು ಜೆಸಿಬೀಲಿ ಎತ್ತಿ ಎಸೆದ್ರು. ಈಗ ಐದು ಬಾತ್‌ರೂಮ್ ಕಟ್ಸವ್ರೆ, ಒಂದ್ರಲ್ಲೂ ವರಟು ಅನ್ನೋದೇ ಇಲ್ಲ. ಗ್ವಾಡೆನೂ ನುಣ್ಗೆ, ನೆಲಾನೂ ನುಣ್ಗೆ. ಕಾಲಿಟ್ರೆ ಜಾರ್ತದೆ. ಇಮ್ಮಡಿ ಎಲ್ಲಿ ತಿಕ್ಕನ ಯೋಳು?" ಆಮೇಲೆ ದನಿ ತಗ್ಗಿಸಿದರು. "ಆ ಹುಳ ಚೆನ್ನಾಗಿ ತಿಕ್ತದಾ?"

"ಬಾಳ ಚಲೋ ತಿಕ್ತದ್ರಿ ಅವ್ವಾರ."

"ಉಂ" ಎಂದರು ಭಾಗ್ಯಮ್ಮ. ಅಂದಿನಿಂದ ಚೌಕಾಸಿ ನಿಂತಿತು.

ಬುಧವಾರದ ಹೊತ್ತಿಗೆ ಹನ್ನೊಂದು ಹುಳಗಳು ಗೋಡೆಯಿಂದ ಕಣ್ಣು ಬಿಟ್ಟಿದ್ದವು. ದೀಪಶ್ರೀ ದಿನಕ್ಕೆರಡು ಸಲ ಬಂದು ಎಣಿಸಿ ಹೋಗುತ್ತಿದ್ದಳು. "ಅಕ್ಕಾ, ಕೆಳಗಿಂದು ಯಾವಾಗ?" ಎಂದು ಕೇಳಿದಾಗಲೆಲ್ಲ, "ಅದಕ್ಕ ಶಾಖ ಜಾಸ್ತಿ ಬೇಕ್ರಿ" ಎನ್ನುತ್ತಿದ್ದಳು ದೇವಕ್ಕ. ಕುಳಿಯೇನೋ ತೆರೆದು ಖಾಲಿ ಮಾಡಿ, ಮೇಲೆ ಒದ್ದೆ ಬಟ್ಟೆ ಮೆತ್ತಿ ಬಿಟ್ಟಿದ್ದಳು. ಒಳಗೆ ಹುಳ ಬೇಕಲ್ಲ.

ಅಂದು ಸಂಜೆ ಮುನಿಯಕ್ಕನ ಬಾಗಿಲಲ್ಲಿ ಕೂತು ಹಟ ಹಿಡಿದಳು. "ನೀ ಕೊಡೂತನ ನಾ ಏಳಂಗಿಲ್ಲ. ನನ್ನ ಕೈ ಕೆಲಸ ಹೋತಂದ್ರ ನಾ ಏನ್ ಮಾಡ್ಲಿ ಹೇಳು? ದಿನಾ ಮನ್ಯಾಗ ಕುಂತು ನಿನ್ನ ಬಾಗಲ ಸಂದಿ, ನಿನ್ನ ಕಿಟಕಿ ಸಂದಿ ಮುಚ್ಚಿಕೋತ ಇರ್ತೀನಿ. ಗಾಳಿ ಇಲ್ದ ಸಾಯ್ತಿ."

ಮುನಿಯಕ್ಕನಿಗೆ ಇದು ಸುಳ್ಳು ಬೆದರಿಕೆಯಲ್ಲ ಎಂದು ಗೊತ್ತಿತ್ತು. ಬಲಗಾಲನ್ನೊಮ್ಮೆ ನೋಡಿಕೊಂಡಳು. ಅಕ್ಕಿ ಡಬ್ಬದೊಳಗಿಂದ ಕಲ್ಲು ತೆಗೆದಳು. "ತಗೋ. ಆದ್ರೆ ಒಂದು ಮಾತು. ಆ ಗೃಹಪ್ರವೇಶಕ್ಕೆ ನನ್ನೂ ಕರ್ಕೊಂಡು ಹೋಗ್ಬೇಕು. ನನ್ನ ಕಲ್ಲು ಎಂಥಾ ಮನೆ ಸೇರ್ತು ಅಂತ ನಾನು ನೋಡ್ಬೇಕು."

ಕಲ್ಲು ಕೈಗೆ ಬಂದಾಗ ದೇವಕ್ಕ ಅದನ್ನು ತಿರುಗಿಸಿ ನೋಡಿದಳು. ಒಂದು ಮಗ್ಗುಲಿನ ಏಣೆಲ್ಲ ಸವೆದು ಹೋಗಿತ್ತು. ಹತ್ತು ಕೋಟಿ ವರ್ಷ ಸಮುದ್ರ, ಮಣ್ಣು, ಬೆಟ್ಟ ಮಾಡದಿದ್ದ ಕೆಲಸವನ್ನು ಲಗ್ಗೆರೆಯ ನಾಲ್ಕು ಮನೆಯವರು ಒಂದು ತಿಂಗಳೊಳಗೆ ಮಾಡಿ ಮುಗಿಸಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿ, ಸೋಪಿನ ವಾಸನೆ ಹೋಗುವವರೆಗೂ ತೊಳೆದು, ಗುರುವಾರ ಅದನ್ನು ಅದರ ಕುಳಿಯಲ್ಲಿ ಕೂರಿಸಿದಳು. ಸಡಿಲವಾಗದ ಹಾಗೆ ಕೆಳಗೆ ಮಾತ್ರ ಪೇಸ್ಟ್ ಹಾಕಿದಳು. ಮೇಲೆ ಹಾಕಲು ಕೈ ತುರಿಸುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡಳು.

ಶುಕ್ರವಾರ ಹಾಲು ಉಕ್ಕಿತು. ಹನ್ನೆರಡು ಹುಳಗಳೂ ಸ್ನಾನ ಮಾಡಿ ಗೋಡೆಯಲ್ಲಿ ಸಾಲಾಗಿ ಹೊಳೆಯುತ್ತಿದ್ದವು. ಭಾಗ್ಯಮ್ಮ ಒಂದೊಂದಕ್ಕೂ ಅರಿಸಿನ ಕುಂಕುಮ ಇಡಲು ಹೋಗಿದ್ದರು, ಸೊಸೆ ಕೈ ಹಿಡಿದು ತಡೆದಿದ್ದಳು. ಮಧ್ಯಾಹ್ನದ ಹೊತ್ತಿಗೆ ದೀಪಶ್ರೀಯ ಆಫೀಸಿನವರು ಬಂದರು. ಅವಳ ದೊಡ್ಡ ಸಾಹೇಬರು ಗೋಡೆಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡುತ್ತಾ ನೋಡುತ್ತಾ ಕೊನೆಗೆ ಮಂಡಿಯೂರಿ ಕೂತರು. ಕೆಳಗಿನ ಹುಳವನ್ನು ಬೆರಳಿನಿಂದ ಸವರಿದರು.

"ವಾಹ್! ಇದೊಂದು ಮಾತ್ರ ಎಷ್ಟು ಸ್ಮೂತ್ ಆಗಿದೆ ದೀಪಶ್ರೀ! ಬೇರೆ ಯಾವುದೂ ಹೀಗಿಲ್ಲ."

ಬಾಗಿಲ ಹತ್ತಿರ ಊಟದ ಎಲೆ ಹಿಡಿದುಕೊಂಡು ನಿಂತಿದ್ದ ದೇವಕ್ಕ ಎಲೆಯ ಮೇಲೆಯೇ ಕಣ್ಣು ನೆಟ್ಟಳು. ಭರಮಪ್ಪ ಅವಳನ್ನೇ ನೋಡಿದ. ದೀಪಶ್ರೀ ಒಂದು ಕ್ಷಣ ಬಗ್ಗಿ ನೋಡಿದಳು. ಅವಳಿಗೂ ಅದು ಆಗಷ್ಟೇ ಕಂಡದ್ದು. ಆದರೆ ಸಾಹೇಬರ ಮುಂದೆ ಗೊತ್ತಿಲ್ಲ ಎನ್ನುವುದು ಹೇಗೆ?

"ಅಲೆ ಸಾರ್" ಎಂದಳು. "ಸಮುದ್ರದ ಅಲೆ. ಕೋಟ್ಯಂತರ ವರ್ಷ ಬಂದು ಬಂದು ತಾಗಿದೆಯಲ್ಲ, ಅದಕ್ಕೇ ಅಷ್ಟು ನುಣುಪು."

"ಅಲೆಯಾ?" ದೇವಕ್ಕನ ಪಕ್ಕದಲ್ಲೇ ನಿಂತಿದ್ದ ಮುನಿಯಕ್ಕನ ದನಿ ಇಡೀ ಹಾಲಿಗೆ ಕೇಳಿಸಿತು. "ಯಾವ ಅಲೆ ಮೇಡಂ, ಅದು ನಮ್ಮ ಹಿಮ್—"

ದೇವಕ್ಕ ಜೀವಮಾನವಿಡೀ ತೂತುಗಳನ್ನು ಮುಚ್ಚಿದವಳು. ಯಾವ ತೂತಿಗೆ ಎಷ್ಟು ಹಿಡಿಸುತ್ತದೆ ಎಂದು ಕಣ್ಣಳತೆಯಲ್ಲೇ ಗೊತ್ತು. ಎಲೆಯ ಮೇಲಿದ್ದ ಒಬ್ಬಟ್ಟನ್ನು ನಾಲ್ಕು ಮಡಿಕೆ ಮಾಡಿ ಮುನಿಯಕ್ಕನ ಬಾಯಿಗೆ ತುರುಕಿದಳು. ಒಂದು ಸಂದಿಯೂ ಉಳಿಯಲಿಲ್ಲ.

"ಏನಂದ್ರು ಅವರು?" ಸಾಹೇಬರು ತಿರುಗಿ ಕೇಳಿದರು.

"ಹೂರಣ ಬಾಳ ನುಣ್ಣಗ ಬಂದದ ಅಂದ್ಳರಿ."

ಮುನಿಯಕ್ಕ ಕಣ್ಣು ಮೇಲೆ ಕೆಳಗೆ ಮಾಡಿ ನುಂಗಿ, ಮತ್ತೆ ಬಾಯಿ ತೆರೆದಳು. ಇನ್ನೊಂದು ಒಬ್ಬಟ್ಟು ಹೋಯಿತು. ಮೂರನೆಯದಕ್ಕೆ ಅವಳು ತಾನಾಗಿಯೇ ಬಾಯಿ ತೆರೆದಳು. ಅಷ್ಟರಲ್ಲಿ ಅವಳಿಗೆ ಹೇಳಬೇಕಾದ ಮಾತಿಗಿಂತ ಒಬ್ಬಟ್ಟು ರುಚಿಯಾಗಿತ್ತು.

"ಆಕಿಗಿ ಬಾಳ ಹಸಿವಾಗಿರಬೇಕು" ಎಂದ ಭರಮಪ್ಪ, ಹಣೆಯ ಬೆವರು ಒರೆಸುತ್ತಾ.

ಭಾಗ್ಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಿದ್ದರು. ದೀಪಶ್ರೀ ಭರಮಪ್ಪನನ್ನು ಕರೆದು, ಇನ್ನು ಮುಂದೆ ತಮ್ಮ ಮನೆಯ ಯಾವ ಕಲ್ಲಿನ ಕೆಲಸಕ್ಕೂ ಈ ಅಕ್ಕನನ್ನೇ ಕಳಿಸಬೇಕು ಎಂದಳು. ಭರಮಪ್ಪ ದೇವಕ್ಕನ ಹತ್ತಿರ ಬಂದು, "ಸೋಮವಾರ ಲಗೂನ ಬಾ. ಎರಡು ಲೋಡು ಬಂದಾವ" ಎಂದ. ಅಷ್ಟೇ ಅವನು ಹೇಳಿದ್ದು. ದೇವಕ್ಕ ಅವತ್ತು ಕೂತು ಎರಡು ಸಲ ಪಾಯಸ ಹಾಕಿಸಿಕೊಂಡಳು.

ಅಂದಿನಿಂದ ಶೆಡ್ಡಿನಲ್ಲಿ ಒಂದು ಹೊಸ ರೂಢಿ ಬಂತು. ಪ್ರತಿ ಕುಳಿಗೂ ದೇವಕ್ಕ ಕಡ್ಡಿ ಎತ್ತಿ ಹಿಡಿದು, "ಇದು ತೂತೋ, ಪ್ರಾಣಿಯೋ?" ಎಂದು ಕೂಗುವಳು. ಭರಮಪ್ಪ ಚಹಾ ಬಿಟ್ಟು ಎದ್ದು ಬಂದು ನೋಡಿ, "ತೂತು" ಎನ್ನುವನು. ದಿನಕ್ಕೆ ನಲವತ್ತು ಸಲ.

ಎರಡು ತಿಂಗಳಾದ ಮೇಲೆ ದೀಪಶ್ರೀಯ ಫೋನು ಬಂತು. ಕೆಳಗಿನ ಹುಳ ಮಾತ್ರ ದಿನದಿಂದ ದಿನಕ್ಕೆ ಇನ್ನೂ ಹೊಳೆಯುತ್ತಿದೆಯಂತೆ. ಗೆರೆಗಳೆಲ್ಲ ಅಳಿಸುತ್ತಿವೆಯಂತೆ. ಮನೆಯೊಳಗೆ ಅಲೆ ಎಲ್ಲಿಂದ ಬರುತ್ತದೆ?

ದೇವಕ್ಕ ಹೋದಳು. ದೀಪಶ್ರೀ ಆಫೀಸಿನ ಫೋನು ಹಿಡಿದು ಮಹಡಿಯ ಮೇಲಿದ್ದಳು. ಹಾಲಿನಲ್ಲಿ ಭಾಗ್ಯಮ್ಮ ಒಬ್ಬರೇ, ಕಲ್ಲ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಒಂದು ಕೈಯಿಂದ ಪಕ್ಕದ ಕಂಬ ಹಿಡಿದು, ಒಂದು ಕಾಲನ್ನು ಹಿಂದಕ್ಕೆ ಮಡಿಸಿ, ಕಣ್ಣು ಅರ್ಧ ಮುಚ್ಚಿಕೊಂಡು, ಹಸು ಮರಕ್ಕೆ ಮೈ ತಿಕ್ಕುವ ಹಾಗೆ ಹಿಮ್ಮಡಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಿದ್ದರು. ದೇವಕ್ಕನನ್ನು ಕಂಡು ಕಾಲು ಕೆಳಗಿಟ್ಟರು.

"ಯೋಳ್ಬಿಡ್ತೀಯಾ?"

ದೇವಕ್ಕ ಚೀಲಕ್ಕೆ ಕೈ ಹಾಕಿ, ಶೆಡ್ಡಿನಿಂದ ಆರಿಸಿ ತಂದಿದ್ದ ಒಂದು ಕಲ್ಲು ತೆಗೆದಳು. ಒಳ್ಳೆಯ ಒರಟು ಕಲ್ಲು, ಕೈಗೆ ಹಿಡಿಸುವಂಥದ್ದು. "ಬಚ್ಚಲದಾಗ ಇಟ್ಕೋರಿ ಅವ್ವಾರ. ಆ ಹುಳಕ್ಕ ಸಾಕು ಮಾಡ್ರಿ. ಅದು ಪೂರಾ ಸವದು ಹೋದ್ರ ಭರಮಪ್ಪ ಮತ್ತ ನನ್ನ ಕುತಗಿಗಿ ಬರ್ತಾನ."

ಮೇಲಿನಿಂದ ದೀಪಶ್ರೀ ಇಳಿದು ಬರುವ ಸದ್ದಾಯಿತು. "ಅಕ್ಕಾ, ನೋಡಿದ್ರಾ? ಏನಾಗಿದೆ ಅದಕ್ಕೆ?"

"ಇನ್ನ ಆಗೂದಿಲ್ರಿ ಮೇಡಂ" ಎಂದಳು ದೇವಕ್ಕ. "ಔಷಧ ಕೊಟ್ಟೀನಿ."

ಭಾಗ್ಯಮ್ಮ ಆ ಹೊಸ ಕಲ್ಲನ್ನು ಸೆರಗಿನಡಿ ಇಟ್ಟುಕೊಂಡು ಬಚ್ಚಲಿಗೆ ಹೋದರು. ನೀರಿನ ಸದ್ದು ಬಂತು, ಆಮೇಲೆ ತಿಕ್ಕುವ ಸದ್ದು. ಸ್ವಲ್ಪ ಹೊತ್ತಿಗೆ ಬಾಗಿಲು ಸಂದಿ ಮಾಡಿ ಮುಖ ಹೊರಗೆ ಹಾಕಿದರು. ಸೊಸೆ ಆ ಕಡೆ ತಿರುಗಿದ್ದನ್ನು ನೋಡಿಕೊಂಡು, ದೇವಕ್ಕನಿಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಪರ್ವಾಗಿಲ್ಲ ಕಣವ್ವ. ಆದ್ರೆ ಸತ್ತೋನಷ್ಟು ಚೆನ್ನಾಗಿ ತಿಕ್ಕಲ್ಲ."